ಮ್ಯಾಚೇ ಇಲ್ಲದ ದಿನ ಇಷ್ಟೊಂದು ವಾದ ಯಾಕೆ?

"ಅಲ್ರೀ, ಅವತ್ತು ಮ್ಯಾಚೇ ಇರಲ್ಲ. ಯಾರೋ ವೇದಿಕೆ ಮೇಲೆ ಬಂದು ಹೆಸರು ಓದ್ತಾರೆ. ಅದಕ್ಕೆ ಮೂರು ದಿನ ಟಿವಿ ಮುಂದೆ ಕೂತು ವಾದ ಮಾಡ್ತೀರಲ್ಲ, ಯಾಕೆ?"

ಡೆಟ್ರಾಯಿಟ್ ಹತ್ತಿರ ಬಂದು ನೆಲೆಸಿದ್ದು 2008ರಲ್ಲಿ. ಆಗಿನಿಂದ ಪ್ರತಿ ಏಪ್ರಿಲ್‌ನಲ್ಲೂ ಈ ಪ್ರಶ್ನೆ ನನ್ನ ಹಿಂದೆ ಬಂದೇ ಬರುತ್ತದೆ. ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಯಾರಾದರೂ ಕೇಳುತ್ತಾರೆ. ಆಫೀಸಿಗೆ ಹೊಸದಾಗಿ ಬಂದ ಬೆಂಗಳೂರಿನ ಹುಡುಗರು ಕೇಳುತ್ತಾರೆ. ಊರಿಂದ ಫೋನ್ ಮಾಡಿದಾಗ ತಮ್ಮ ಕೇಳುತ್ತಾನೆ. ಎಲ್ಲರಿಗೂ ಅರ್ಧಂಬರ್ಧ ಹೇಳಿ ಸಾಕಾಗಿದೆ. ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್ ಬಗ್ಗೆ. ಒಟ್ಟು 32 ತಂಡಗಳು. ಕಾಲೇಜು ಆಟ ಮುಗಿಸಿದ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಏಳು ಸುತ್ತು, 250ಕ್ಕೂ ಹೆಚ್ಚು ಹೆಸರು. ನಮ್ಮ ಐಪಿಎಲ್ ಹರಾಜಿನ ಥರ ಅಲ್ಲ. ಇಲ್ಲಿ ಕೂಗುವುದು, ಬೆಲೆ ಏರಿಸುವುದು ಇಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಕಪ್ ಗೆದ್ದವರಿಗೆ ಸುತ್ತಿನ ಕೊನೆಯ ಸರದಿ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಹಾಕಿಕೊಟ್ಟ ದಾರಿ ಇದು. ಅವರ ತಂಡ ಸೋಲುತ್ತಲೇ ಇತ್ತು, ಒಳ್ಳೆಯ ಹುಡುಗರೆಲ್ಲ ದುಡ್ಡಿದ್ದ ತಂಡಗಳ ಪಾಲಾಗುತ್ತಿದ್ದರು. ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ.

ಸೋತವರು ಸಾಲಿನ ಮುಂದೆ ನಿಲ್ಲುವ ದಿನ ವರ್ಷಕ್ಕೆ ಇದೊಂದೇ. ನಾನು ಬಂದ ವರ್ಷ ನಮ್ಮ ಡೆಟ್ರಾಯಿಟ್ ಲಯನ್ಸ್ 16 ಪಂದ್ಯ ಆಡಿತು. ಹದಿನಾರಕ್ಕೆ ಹದಿನಾರೂ ಸೋತಿತು. ಈ ಊರು ಕೊನೆಯ ಸಲ ಚಾಂಪಿಯನ್ ಆದದ್ದು 1957ರಲ್ಲಿ. ಆಮೇಲೆ 2024ರ ಜನವರಿಯವರೆಗೆ ಪ್ಲೇಆಫ್‌ನಲ್ಲಿ ಗೆದ್ದದ್ದು ಒಂದೇ ಒಂದು ಪಂದ್ಯ. ಆರ್‌ಸಿಬಿಗಾಗಿ 2025ರವರೆಗೆ ಕಾದವರಿಗೆ ಈ ಸಂಕಟ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಡಿಸೆಂಬರ್ ಹೊತ್ತಿಗೇ ಎಲ್ಲ ಮುಗಿದುಹೋದ ಊರಿಗೆ ಏಪ್ರಿಲ್ ಎಂದರೆ ಏನು ಅಂತ ಇಲ್ಲಿಗೆ ಬಂದ ಮೇಲೆ ನನಗೆ ಗೊತ್ತಾಯಿತು.

ಅದನ್ನು ಕಲಿಸಿದ್ದು ನಮ್ಮ ಪಕ್ಕದ ಮನೆಯ ಹಿರಿಯರು. ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಡ್ರಾಫ್ಟ್ ರಾತ್ರಿ ಅವರ ಮನೆಯ ಬೇಸ್‌ಮೆಂಟಿನಲ್ಲಿ ಐದಾರು ಜನ ಸೇರುತ್ತೇವೆ. ಅವರ ತೊಡೆಯ ಮೇಲೆ ಒಂದು ಹಲಗೆ, ಅದರ ಮೇಲೆ ಗೆರೆ ಹೊಡೆದ ಹಳದಿ ಹಾಳೆ. ಎಡಕ್ಕೆ ಹುಡುಗನ ಹೆಸರು, ಪಕ್ಕದಲ್ಲಿ ಕಾಲೇಜು, ಆಮೇಲೆ ಅವನು ಆಡುವ ಜಾಗ, ಕೊನೆಗೆ ಒಂದೇ ಒಂದು ಮಾತು. "ಕೈ ಗಟ್ಟಿ." "ಮಂಡಿ ನೋವು." "ಹೆದರಲ್ಲ." ಟಿವಿಯಲ್ಲಿ ಹೆಸರು ಓದುತ್ತಿದ್ದಂತೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಮೂರನೆಯ ದಿನ ಸಂಜೆ ಹಾಳೆ ಮಡಚಿ ಶೂ ಡಬ್ಬಿಗೆ ಹಾಕುತ್ತಾರೆ. ಮತ್ತೆ ತೆಗೆಯುವುದು ಮೂರು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಯಾವ ಹುಡುಗನನ್ನೂ "ದಂಡ" ಅನ್ನಬಾರದು. ಇದು ಅವರ ಮನೆಯ ಕಾನೂನು.

ಮೊದಮೊದಲು ನನಗೂ ಅನಿಸುತ್ತಿತ್ತು: ತಂಡಗಳ ಹತ್ತಿರ ವರ್ಷವಿಡೀ ಕಾಲೇಜು ಕಾಲೇಜು ಅಲೆದು ಹುಡುಗರನ್ನು ನೋಡುವ ಜನ ಇದ್ದಾರೆ. ಡ್ರಾಫ್ಟಿಗೆ ಮುಂಚೆ ಹುಡುಗರನ್ನು ಇಂಡಿಯಾನಾಪೊಲಿಸ್ ಊರಿನಲ್ಲಿ ಸೇರಿಸಿ ಓಡಿಸಿ, ಎಗರಿಸಿ, ತೂಕ ಎತ್ತಿಸಿ, ಅಂಗೈ ಅಳತೆ ಕೂಡ ತೆಗೆದುಕೊಳ್ಳುತ್ತಾರೆ. ಅವರ ಮುಂದೆ ನಮ್ಮದೇನು ಮಾತು?

ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ಹಳೆಯ ಡ್ರಾಫ್ಟ್‌ಗಳನ್ನೆಲ್ಲ ಕೆದಕಿ ನೋಡಿದರು. ಈ ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದೇ ಜಾಗದಲ್ಲಿ ಆಡುವ ಇಬ್ಬರು ಹುಡುಗರು ಒಬ್ಬರ ಹಿಂದೆ ಒಬ್ಬರು ಆಯ್ಕೆಯಾದರೆ, ಮೊದಲು ಆಯ್ಕೆಯಾದವನೇ ಮುಂದೆ ಮೇಲಾಗುವ ಸಾಧ್ಯತೆ ಅವರಿಗೆ ಸಿಕ್ಕಿದ್ದು ಶೇಕಡಾ 52. ನಾಣ್ಯ ಚಿಮ್ಮಿಸಿದರೂ ಶೇಕಡಾ 50 ಬರುತ್ತದೆ. ಇದನ್ನು ಓದಿದ ದಿನದಿಂದ ನಾನು ಬೇಸ್‌ಮೆಂಟಿನಲ್ಲಿ ಧೈರ್ಯವಾಗಿ ಬಾಯಿ ಬಿಡುತ್ತೇನೆ.

ಟಾಮ್ ಬ್ರೇಡಿ ಕಥೆ ಎಲ್ಲರೂ ಹೇಳುತ್ತಾರೆ. 2000ದಲ್ಲಿ 199ನೆಯವನಾಗಿ ಆಯ್ಕೆಯಾದ, ಏಳು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದ. ನನಗೆ ಅದಕ್ಕಿಂತ ಸ್ಯಾನ್ ಫ್ರಾನ್ಸಿಸ್ಕೋ ಕಥೆ ಜಾಸ್ತಿ ಕಾಡುತ್ತದೆ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವವನು, ತಂಡದ ಜುಟ್ಟು ಅವನ ಕೈಯಲ್ಲಿ. ತಂಡಗಳು ತಮ್ಮ ಸರದಿಯನ್ನು ಒಬ್ಬರಿಗೊಬ್ಬರು ಅದಲುಬದಲು ಮಾಡಿಕೊಳ್ಳಬಹುದು. 2021ರಲ್ಲಿ ಟ್ರೇ ಲಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ ಆ ಊರಿನ ಫಾರ್ಟಿನೈನರ್ಸ್ ತಂಡದವರು ಮೂರು ವರ್ಷದ ಮೊದಲ ಸುತ್ತಿನ ಆಯ್ಕೆಗಳನ್ನು ಬಿಟ್ಟುಕೊಟ್ಟು ಮೂರನೆಯ ಸ್ಥಾನಕ್ಕೆ ಏರಿದರು. ಪಾಪ, ಆ ಹುಡುಗ ಅಲ್ಲಿ ಶುರುವಿನಿಂದ ಆಡಲಿಳಿದದ್ದು ನಾಲ್ಕೇ ಪಂದ್ಯ. ಕಾಲು ಮುರಿಯಿತು. 2023ರಲ್ಲಿ ನಾಲ್ಕನೆಯ ಸುತ್ತಿನ ಒಂದು ಆಯ್ಕೆಗೆ ಅವನನ್ನು ಡಲ್ಲಾಸ್‌ಗೆ ಕೊಟ್ಟುಬಿಟ್ಟರು. ಅದೇ ತಂಡ 2022ರಲ್ಲಿ 262ನೆಯವನಾಗಿ, ಇಡೀ ಡ್ರಾಫ್ಟಿನ ಕೊನೆಯ ಹೆಸರಾಗಿ ತೆಗೆದುಕೊಂಡದ್ದು ಬ್ರಾಕ್ ಪರ್ಡಿಯನ್ನು. ಕೊನೆಯವನಿಗೆ ಇಲ್ಲಿ "ಲೆಕ್ಕಕ್ಕಿಲ್ಲದವನು" ಅಂತಲೇ ಹೆಸರು. 2024ರ ಜನವರಿಯಲ್ಲಿ ನಮ್ಮ ಲಯನ್ಸ್ ಸೂಪರ್ ಬೌಲ್‌ನ ಹೊಸ್ತಿಲಲ್ಲಿತ್ತು. ಅರ್ಧ ಆಟಕ್ಕೆ 24-7 ಮುಂದಿದ್ದೆವು. ಕೊನೆಗೆ 34-31ರಲ್ಲಿ ಸೋತೆವು. ಎದುರಿಗಿದ್ದ ಕ್ವಾರ್ಟರ್‌ಬ್ಯಾಕ್ ಅದೇ ಪರ್ಡಿ. ಆ ರಾತ್ರಿ ಪಕ್ಕದ ಮನೆಯವರು ಟಿವಿ ಆರಿಸಿ, ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ "ಆ ಹುಡುಗ 262, ನನ್ನ ಹಾಳೆಯಲ್ಲಿ ಅವನ ಹೆಸರೇ ಇರಲಿಲ್ಲ" ಅಂದರು.

ಹಾಗಂತ ಅಭಿಮಾನಿಗಳೇ ಸರಿ ಅಂತ ನಾನು ಹೇಳುವುದಿಲ್ಲ. 1995ರಲ್ಲಿ ನ್ಯೂಯಾರ್ಕ್ ಜೆಟ್ಸ್ ಅಭಿಮಾನಿಗಳು ವಾರನ್ ಸ್ಯಾಪ್ ಬೇಕು ಅಂತ ಕೂಗಿದರು. ತಂಡ ಕೈಲ್ ಬ್ರೇಡಿಯನ್ನು ಆರಿಸಿದಾಗ ಸಭಾಂಗಣದಲ್ಲೇ ಹುಯಿಲೆಬ್ಬಿಸಿದರು. ಸ್ಯಾಪ್ ಬೇರೆ ತಂಡಕ್ಕೆ ಹೋಗಿ, ಮುಂದೆ ಆಟದ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ಕೂಗಿದವರೇ ಸರಿ. ನಾಲ್ಕು ವರ್ಷ ಕಳೆದು ಫಿಲಡೆಲ್ಫಿಯಾದವರು ರಿಕಿ ವಿಲಿಯಮ್ಸ್ ಬೇಕು ಅಂತ ಬಸ್ಸು ಮಾಡಿಕೊಂಡು ನ್ಯೂಯಾರ್ಕಿಗೆ ಬಂದರು. ತಂಡ ಡೊನೊವನ್ ಮೆಕ್‌ನ್ಯಾಬ್ ಹೆಸರು ಹೇಳಿತು. ಆ ಹುಡುಗ ಬದುಕಿನ ಅತಿ ದೊಡ್ಡ ದಿನ ವೇದಿಕೆ ಹತ್ತಿದರೆ ತನ್ನನ್ನು ಆರಿಸಿದ ಊರಿನ ಜನರೇ ಬೊಬ್ಬೆ ಹೊಡೆದರು. ಅದೇ ಮೆಕ್‌ನ್ಯಾಬ್ ಈಗಲ್ಸ್ ತಂಡವನ್ನು ಐದು ಸಲ ಸೂಪರ್ ಬೌಲ್‌ನ ಬಾಗಿಲಿಗೆ, ಒಂದು ಸಲ ಒಳಕ್ಕೂ ಕರೆದೊಯ್ದರು. ಆ ವಿಡಿಯೋ ನೋಡಿದಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಯಾಕೆಂದರೆ ಇದರಲ್ಲಿ ಆ ಹುಡುಗರಿಗೆ ಒಂದಿಷ್ಟೂ ಮಾತಿಲ್ಲ. ಯಾವ ಊರು, ಯಾವ ಕೋಚ್, ಮುಂದೆ ನಿಂತು ಎದುರಾಳಿಗಳಿಂದ ಕಾಪಾಡುವವರು ಗಟ್ಟಿಯೋ ಇಲ್ಲವೋ, ಎಲ್ಲ ಬೇರೆಯವರು ತೀರ್ಮಾನ ಮಾಡುತ್ತಾರೆ. ಪೇಟನ್ ಮ್ಯಾನಿಂಗ್ 1998ರಲ್ಲಿ ಮೊದಲ ಆಯ್ಕೆ. ಮೊದಲ ವರ್ಷ 28 ಸಲ ಚೆಂಡನ್ನು ಎದುರಾಳಿ ಕೈಗೆ ಎಸೆದರು. ತಂಡ 16ರಲ್ಲಿ 13 ಸೋತಿತು. ಮುಂದೆ ಆಟದ ದಿಗ್ಗಜರಾದ ಅವರನ್ನು ಆವತ್ತೇ ಕೈಬಿಟ್ಟಿದ್ದರೆ? ರೂಕಿಗಳ, ಅಂದರೆ ಮೊದಲ ವರ್ಷದ ಹುಡುಗರ ಬಗ್ಗೆ, ಸೀಸನ್ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಅಕ್ಟೋಬರ್‌ನಲ್ಲೇ ತೀರ್ಪು ಕೊಡುವವರ ಜೊತೆ ನನ್ನ ಜಗಳ ಇರುವುದು ಇಲ್ಲೇ. ನಾವು ವಾದ ಮಾಡಬೇಕಾದ್ದು ಹುಡುಗನ ಹಣೆಬರಹದ ಬಗ್ಗೆ ಅಲ್ಲ, ತಂಡ ಮಾಡಿದ ವ್ಯಾಪಾರದ ಬಗ್ಗೆ. ಅದಕ್ಕೆ ಅವತ್ತೇ ಲೆಕ್ಕ ಹಾಕಬಹುದು.

2023ರ ರಾತ್ರಿ ನಡೆದದ್ದು ಅಂಥದ್ದೇ ವಾದ. ಲಯನ್ಸ್ ಕೈಯಲ್ಲಿ ಆರನೆಯ ಆಯ್ಕೆ ಇತ್ತು. ಅದನ್ನು ಅರಿಜೋನಾಗೆ ಕೊಟ್ಟು 12ಕ್ಕೆ ಇಳಿದರು, ಬದಲಿಗೆ 34ನೆಯದನ್ನೂ ಪಡೆದರು. ಹನ್ನೆರಡರಲ್ಲಿ ಬಂದ ಹೆಸರು ಜಾಮಿರ್ ಗಿಬ್ಸ್. ರನ್ನಿಂಗ್ ಬ್ಯಾಕ್, ಚೆಂಡು ಹಿಡಿದು ಓಡುವವನು. ಪಕ್ಕದ ಮನೆಯವರು ಎಳೆದ ಗೆರೆಗೆ ಹಾಳೆಯೇ ಹರಿಯಿತು. "ಓಡುವವರು ಪೆಟ್ಟು ತಿಂದು ಬೇಗ ಸವೆದು ಹೋಗ್ತಾರೆ. ಅಂಥವರು ನಾಲ್ಕನೇ ಸುತ್ತಲ್ಲೂ ಸಿಗ್ತಾರೆ" ಅಂದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ಆದರೂ ನಾನು ಬಿಡಲಿಲ್ಲ. ಯಾರು ಗೆಲ್ಲುತ್ತಾರೋ ಯಾರಿಗೂ ಗೊತ್ತಿಲ್ಲ ಅಂದ ಮೇಲೆ ಒಬ್ಬನ ಬದಲು ಇಬ್ಬರನ್ನು ತರುವುದೇ ಮೇಲು, 34 ಯಾರು ಅಂತ ನೋಡೋಣ ಇರಿ ಅಂದೆ. ಮಾರನೆಯ ದಿನ 34ರಲ್ಲಿ ಬಂದದ್ದು ಸ್ಯಾಮ್ ಲಪೋರ್ಟಾ. ಮೊದಲ ವರ್ಷವೇ 86 ಸಲ ಚೆಂಡು ಹಿಡಿದ. ಟೈಟ್ ಎಂಡ್ (ಎದುರಾಳಿಗಳನ್ನು ತಡೆಯುವುದೂ, ಚೆಂಡು ಹಿಡಿಯುವುದೂ ಎರಡೂ ಇವರ ಕೆಲಸ) ಜಾಗದ ಹೊಸಬರಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಹಿಡಿದಿರಲಿಲ್ಲ. ಗಿಬ್ಸ್ 2024ರಲ್ಲಿ 20 ಟಚ್‌ಡೌನ್ ಮಾಡಿದ, ಅಂದರೆ 20 ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ.

ಆ 2023ರ ಡ್ರಾಫ್ಟ್ ಹೊತ್ತಿಗೆ ಅಮ್ಮ ಊರಿಂದ ಬಂದಿದ್ದರು. ಎರಡನೆಯ ದಿನ ನಮ್ಮ ಮನೆಯಲ್ಲೇ ಟಿವಿ ಹಾಕಿದ್ದೆ. ಅಮ್ಮ ಹುರುಳಿಕಾಯಿ ಬಿಡಿಸುತ್ತಾ ಸೋಫಾದ ತುದಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಒಬ್ಬ ಹುಡುಗ ಫೋನ್ ಕಿವಿಗಿಟ್ಟುಕೊಂಡು "ಎಸ್ ಸರ್, ಎಸ್ ಸರ್" ಅನ್ನುತ್ತಿದ್ದ. ಪಕ್ಕದಲ್ಲಿದ್ದ ಅವನ ತಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಮ್ಮನ ಕೈ ನಿಂತಿತು.

"ಯಾಕೋ ಅಳ್ತಾರೆ? ಏನಾಯ್ತು?"

"ಕೆಲಸ ಸಿಕ್ತಮ್ಮ, ಅದಕ್ಕೆ."

"ಯಾವ ಊರಿಗೆ ಹಾಕಿದಾರೆ?"

ದೂರದ ಊರು ಅಂದೆ. ಅಮ್ಮ ಆ ಹುಡುಗನನ್ನೇ ನೋಡುತ್ತಾ, "ಅಲ್ಲಿ ಊಟಗೀಟ ಹೊಂದತ್ತೋ ಇಲ್ವೋ" ಅಂದರು. ಆಮೇಲೆ ಪ್ರತಿ ಹೆಸರಿಗೂ ಯಾವ ಊರು ಅಂತ ಕೇಳಿದರು. ಅಷ್ಟೂ ಜನಕ್ಕೆ ನಾನು ಊರು ಹೇಳಿದೆ.

ಮರುವರ್ಷ ಡ್ರಾಫ್ಟ್ ನಮ್ಮ ಡೆಟ್ರಾಯಿಟ್‌ನಲ್ಲೇ ನಡೆಯಿತು. ಮೂರು ದಿನಕ್ಕೆ ಏಳೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಲ್ಲಿ ನೋಡಿದರೂ ತಿಳಿನೀಲಿ ಜೆರ್ಸಿ. ಲಯನ್ಸ್ ಟೆರಿಯನ್ ಅರ್ನಾಲ್ಡ್ ಹೆಸರು ಹೇಳಿದಾಗ ಎದ್ದ ಸದ್ದಿಗೆ ಮಗಳು ಕಿವಿ ಮುಚ್ಚಿಕೊಂಡಳು. ಆಮೇಲೆ ತಾನೂ ಕೂಗಿದಳು. ನಮ್ಮ ಹಿಂದೆ ನಿಂತಿದ್ದ ಅಪ್ಪ-ಮಗ ಆಗಲೇ ಜಗಳ ಶುರು ಮಾಡಿದ್ದರು: ಈ ಆಯ್ಕೆ ಸರಿಯೋ ತಪ್ಪೋ. ಟ್ರಾಫಿಕ್‌ನಲ್ಲಿ ಕಾರು ನಿಂತಾಗ ಮಗಳು ಅದೇ ವಾದವನ್ನು ನನ್ನ ಜೊತೆ ಮುಂದುವರಿಸಿದಳು.

ಆ ಡ್ರಾಫ್ಟ್ ಮುಗಿದ ಮೇಲೆ ಪಕ್ಕದ ಮನೆಯವರು ಡಬ್ಬಿಯಿಂದ 2021ರ ಹಾಳೆ ತೆಗೆದರು. ಪೆನೇ ಸೂಯೆಲ್ ಹೆಸರಿನ ಮುಂದೆ ಭೇಷ್ ಅಂತ ಎರಡು ಸಲ ಗೀಚಿದ ಗುರುತು. ಸರಿಯಾಗಿತ್ತು. 112ನೆಯವನಾಗಿ ಬಂದ ಅಮಾನ್-ರಾ ಸೇಂಟ್ ಬ್ರೌನ್ ಮುಂದೆ "ಸುಮಾರು" ಅಂತ ಬರೆದಿದ್ದರು. ಇವತ್ತು ಅವನು ಈ ಊರಿನ ಕಣ್ಮಣಿ. ಅವರು ಕೆಂಪು ಪೆನ್ನು ತೆಗೆದು ಆ ಮಾತನ್ನು ನಿಧಾನವಾಗಿ ಹೊಡೆದುಹಾಕಿದರು, ಕೆಳಗೆ ತಾರೀಖು ಹಾಕಿದರು. ಹಾಳೆ ಮತ್ತೆ ಡಬ್ಬಿಗೆ ಹೋಯಿತು.

ಈಗ ನನ್ನ ಹತ್ತಿರವೂ ಒಂದು ಡಬ್ಬಿ ಇದೆ. ಮಗಳ ಹಾಳೆಯೂ ಅದರಲ್ಲೇ. ಅರ್ನಾಲ್ಡ್ ಹೆಸರಿನ ಪಕ್ಕದಲ್ಲಿ ಅವಳು ಏನು ಬರೆದಿದ್ದಾಳೆ ಅಂತ ನನಗೆ ತೋರಿಸಿಲ್ಲ. 2027ರ ಏಪ್ರಿಲ್‌ಗೆ ತೆಗೆಯುತ್ತೇವೆ.