ಮಲೇಷ್ಯಾದ ಎಲೆಕ್ಷನ್ ಮತ್ತು ನಮ್ಮ ಮನೆ ಜಗಲಿ

ನಮ್ಮ ದೊಡ್ಡಮ್ಮನ ಮಗ ಕೌಲಾಲಂಪುರದಲ್ಲಿ ಇರೋದು, ರಜೆಗೆ ಉಡುಪಿಗೆ ಬಂದ್ರೆ ಗೋಳಿಬಜೆ ಚಾ ಇಟ್ಕೊಂಡು ಜಗಲಿಯಲ್ಲಿ ಕೂತು ಅಲ್ಲಿನ ರಾಜಕೀಯವೇ ಹೇಳೋದು, ಕೇಳಿ ಕೇಳಿ ಈಗ ನಂಗೂ ಅದರ ಹುಚ್ಚು ಹಿಡಿದಿದೆ ಮಾರಾಯ್ರೆ. 2018ರಲ್ಲಿ ಅಲ್ಲಿನ ಹಳೇ ಪ್ರಧಾನಿ ಮಹಾತಿರ್ 92ನೇ ವಯಸ್ಸಲ್ಲಿ ಎಲೆಕ್ಷನ್‌ಗೆ ನಿಂತು, ತಾನೇ ಹಿಂದೆ 22 ವರ್ಷ ನಡೆಸಿದ ಮೈತ್ರಿಕೂಟವನ್ನೇ ಸೋಲಿಸಿ ಪುನಃ ಪ್ರಧಾನಿ ಆದ್ರು! ಅದೂ ಯಾರ ಜೊತೆ ಸೇರಿ, 1998ರಲ್ಲಿ ತಾವೇ ಸಂಪುಟದಿಂದ ಹೊರಗೆ ಹಾಕಿದ ಅನ್ವರ್ ಇಬ್ರಾಹಿಂ ಜೊತೆ. ದೊಡ್ಡಮ್ಮ ಇದನ್ನು ಕೇಳಿ ಬಿದ್ದು ಬಿದ್ದು ನಗಾಡಿದ್ರು, ನಾನೂ ನಕ್ಕೆ.

ಆಮೇಲೆ 2020ರಲ್ಲಿ ಸಂಸದರು ಪಾಳಯ ಬದಲಿಸಿ ಸರ್ಕಾರ ಬಿತ್ತು, ಅದಕ್ಕೆ ಹೋಟೆಲಿನ ಹೆಸರೇ ಬಿದ್ದಿದೆ, ಶೆರಟನ್ ಮೂವ್ ಅಂತ. ರೆಸಾರ್ಟ್ ರಾಜಕೀಯ ನೋಡಿದ ನಮ್ಗೆ ಇದನ್ನು ಬಿಡಿಸಿ ಹೇಳ್ಬೇಕಾ? 2022ರಲ್ಲಿ 222 ಸೀಟಲ್ಲಿ ಯಾರಿಗೂ ಬಹುಮತ ಇಲ್ಲ, ಕೊನೆಗೆ ಅನ್ವರ್ ಪ್ರಧಾನಿ, ಮಹಾತಿರ್ ತಮ್ಮ ಕ್ಷೇತ್ರ ಲಂಕಾವಿಯಲ್ಲಿ ಠೇವಣಿಯೇ ಕಳ್ಕೊಂಡ್ರು. ಅದೇ ವರ್ಷ ಪಕ್ಷಾಂತರ ತಡೆಯೋ ಕಾನೂನು ಕೂಡ ಬಂತು, ನಂಗೆ ತುಂಬಾ ಖುಷಿ ಆದದ್ದು ಅದೇ. ನಮ್ಮಲ್ಲಿ 1985ರಿಂದ ಉಂಟು, ಆದ್ರೂ 2019ರಲ್ಲಿ ಕರ್ನಾಟಕದ ಶಾಸಕರು ರಾಜೀನಾಮೆ ಕೊಟ್ಟೇ ಹಾರಿದ್ರಲ್ಲ, ನೆನೆಸಿದ್ರೆ ಈಗ್ಲೂ ಸಿಟ್ಟು ಬರ್ತದೆ.