"ಯಾಕ್ ಸಾರ್, ಎತ್ತಿದ್ರೆ ಬಿದ್ದೋಗುತ್ತಾ?" ಅಂತ ಕೇಳೋರಿಗೆ

ಸ್ಟ್ರಕ್ಚರಲ್ ಕೆಲಸ ಮಾಡೋ ಯಾವ ಎಂಜಿನಿಯರನ್ನಾದ್ರೂ ಕೇಳಿ ನೋಡಿ, ಈ ಮಾತು ಕೇಳದೇ ಇರೋರು ಸಿಗಲ್ಲ. ಮೊದಲು "ಮೇಲೆ ಇನ್ನೊಂದು ಫ್ಲೋರ್ ಎತ್ತಬಹುದಾ ಸಾರ್" ಅಂತಾರೆ, ನಾವು ಚೆಕ್ ಮಾಡಿ ಹೇಳ್ಬೇಕು ಅಂತೀವಿ, ತಕ್ಷಣ ಎರಡನೇ ಪ್ರಶ್ನೆ ಬರುತ್ತೆ: "ಯಾಕ್ ಸಾರ್, ಎತ್ತಿದ್ರೆ ಬಿದ್ದೋಗುತ್ತಾ? ಹಿಂದಿನ ರೋಡಲ್ಲಿ ಐದು ಫ್ಲೋರ್ ಎತ್ತಿದಾರೆ, ಗಟ್ಟಿಯಾಗೇ ನಿಂತಿದೆಯಲ್ಲ." ಕೆಲಸಕ್ಕೆ ಸೇರಿದ ಹೊಸದರಲ್ಲಿ ಫಾರ್ಮುಲಾ ತಲೇಲಿರುತ್ತೆ, ಕಾಂಕ್ರೀಟ್ ಕೆಲಸದ ಕೋಡ್ ಪುಸ್ತಕ ಐಎಸ್ 456 ಕೈಲಿರುತ್ತೆ, ಆದ್ರೆ ಈ ಪ್ರಶ್ನೆಗೆ ಏನು ಹೇಳ್ಬೇಕು ಅಂತ ಯಾವ ಕಾಲೇಜಲ್ಲೂ ಹೇಳ್ಕೊಟ್ಟಿರಲ್ಲ. ಈ ಕೆಲಸದಲ್ಲಿ ನಾನು ಕಲಿತಿದ್ದು ಬಹುಪಾಲು ಈ ಒಂದು ಪ್ರಶ್ನೆ ಸುತ್ತಲೇ ಇದೆ, ಅದಕ್ಕೆ ಬರೀತಿದೀನಿ, ಈಗಷ್ಟೇ ಸೈಟಿಗೆ ಬಂದಿರೋ ಹುಡುಗ ಹುಡುಗೀರು ಓದ್ಲಿ ಅಂತ.

ಮೈಸೂರಲ್ಲಿ ಒಬ್ಬ ಯಜಮಾನ್ರು, ರಿಟೈರ್ ಆದೋರು, 30-40 ಸೈಟಲ್ಲಿ ಗ್ರೌಂಡ್ ಮೇಲೊಂದು ಫ್ಲೋರ್ ಇರೋ ಮನೆ. ಹತ್ತಿರದಲ್ಲೇ ಕಾಲೇಜು, ಮೇಲೆ ಒಂದು ಫ್ಲೋರ್ ಎತ್ತಿ ಪಿಜಿಗೆ ಕೊಟ್ರೆ ತಿಂಗಳಿಗೆ ಒಳ್ಳೆ ದುಡ್ಡು, ಮಗಳ ಮದುವೆ ಸಾಲ ಬೇರೆ ತೀರಿಲ್ಲ. ಆಸೆಬುರುಕ ಮನುಷ್ಯ ಅಲ್ಲವೇ ಅಲ್ಲ, ಅವರ ಕಷ್ಟ ಅವರಿಗೆ ಅನ್ನೋದು ನನಗೂ ಅರ್ಥ ಆಗ್ತಿತ್ತು. ಟೆರೇಸ್ ಮೇಲೆ ಕಾಲಂ ರಾಡ್ ಬಿಟ್ಟಿದ್ರು, ಮಳೆ ಬಿಸಿಲಿಗೆ ತುಕ್ಕು ಹಿಡಿದು ಪದರ ಪದರವಾಗಿ ಏಳ್ತಿತ್ತು, ಉಗುರಲ್ಲಿ ಕೆರೆದ್ರೆ ಉದುರ್ತಿತ್ತು. "ಮುಂದೆ ಬೇಕಾಗುತ್ತೆ ಅಂತಾನೇ ಬಿಟ್ಟಿದ್ದು ಸಾರ್" ಅಂದ್ರು. ಸ್ಟ್ರಕ್ಚರಲ್ ಡ್ರಾಯಿಂಗ್ ಇದೆಯಾ ಅಂದ್ರೆ ಇಲ್ಲ, ಪ್ಲಾನ್ ಅಪ್ರೂವಲ್ ಶೀಟ್ ತಂದು ಕೊಟ್ರು, ಅದರಲ್ಲಿ ರೂಮು, ಬಾಗಿಲು, ಕಿಟಕಿ ಬಿಟ್ರೆ ಏನೂ ಇಲ್ಲ. ಕಾಲಂ ಒಳಗೆ ಎಷ್ಟು ರಾಡ್ ಇದೆ, ಕಾಲಂ ಕೆಳಗೆ ಮಣ್ಣೊಳಗಿರೋ ಪಾದ, ಅಂದ್ರೆ ಫುಟಿಂಗ್, ಎಷ್ಟಡಿ ಎಷ್ಟಡಿ, ಯಾರಿಗೂ ಗೊತ್ತಿಲ್ಲ, ಕಟ್ಟಿದ ಮೇಸ್ತ್ರಿ ತೀರ್ಕೊಂಡು ವರ್ಷಗಳಾಗಿದೆ.

ಈಗ ಒಂದು ಫ್ಲೋರ್ ಅಂದ್ರೆ ಎಷ್ಟು ತೂಕ ಅಂತ ಸ್ವಲ್ಪ ಲೆಕ್ಕ ಹಾಕೋಣ, ಯಾಕಂದ್ರೆ ಮನೆಯೋರಿಗೆ ಫ್ಲೋರ್ ಅಂದ್ರೆ ಎರಡು ಬೆಡ್‌ರೂಮು ಒಂದು ಹಾಲು ಅಷ್ಟೇ ಕಾಣೋದು, ನಮಗೆ ಕಾಣೋದು ಟನ್. ಆರ್‌ಸಿಸಿ, ಅಂದ್ರೆ ಒಳಗೆ ಕಬ್ಬಿಣ ಇರೋ ಕಾಂಕ್ರೀಟ್, ಒಂದು ಕ್ಯೂಬಿಕ್ ಮೀಟರಿಗೆ 2500 ಕೆಜಿ. ಸಾವಿರ ಚದರಡಿ, ಐದಿಂಚು ಮೋಲ್ಡು ಅಂದ್ರೆ ಬರೀ ಸ್ಲ್ಯಾಬೇ 29 ಟನ್ ಹತ್ರ ಬರುತ್ತೆ. ಆರಿಂಚು ಸಾಲಿಡ್ ಬ್ಲಾಕ್ ಗೋಡೆ, ಹತ್ತಡಿ ಎತ್ತರ, ಎರಡು ಕಡೆ ಪ್ಲಾಸ್ಟರ್, ಒಂದು ಮೀಟರ್ ಉದ್ದಕ್ಕೇ ಸುಮಾರು ಒಂದು ಟನ್. ಆಮೇಲೆ ಬೀಮು, ಕಾಲಂ, ಟೈಲ್ಸ್, ಅದರ ಕೆಳಗಿನ ಗಾರೆ, ಇದ್ರ ಮೇಲೆ ಜನ, ಮಂಚ, ಬೀರು, ಇದಕ್ಕೆಲ್ಲ ಮನೆ ಅಂದ್ರೆ ಚದರ ಮೀಟರಿಗೆ 200 ಕೆಜಿ ಹಿಡೀಬೇಕು ಅಂತ ಕೋಡ್ ಹೇಳುತ್ತೆ. ಎಲ್ಲಾ ಸೇರಿದ್ರೆ ಆರಾಮಾಗಿ ನೂರು ಟನ್ ದಾಟುತ್ತೆ. ಇನ್ನು ವಾಟರ್ ಟ್ಯಾಂಕ್ ಒಂದು ಮೀಟರ್ ನೀರು ನಿಂತ್ರೆ ಚದರ ಮೀಟರಿಗೆ ಸಾವಿರ ಕೆಜಿ, ಅದನ್ನಂತೂ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ಎಲ್ಲಿ ಜಾಗ ಇದೆಯೋ ಅಲ್ಲಿ ಇಡ್ತಾರೆ.

ಈ ನೂರು ಟನ್ ಎಲ್ಲಾ ಕಾಲಂಗೂ ಸಮ ಸಮ ಹಂಚಿಹೋಗಲ್ಲ. ನಾಲ್ಕು ಸಾಲು ಮೂರು ಸಾಲು ಅಂತ ಹನ್ನೆರಡು ಕಾಲಂ ಇದೆ ಅನ್ಕೊಳ್ಳಿ, ಮೂಲೆ ಕಾಲಂಗೆ ಬರೋ ಸ್ಲ್ಯಾಬ್ ಲೋಡಿಗಿಂತ ನಡುವಿನ ಕಾಲಂಗೆ ಹೆಚ್ಚುಕಮ್ಮಿ ನಾಲ್ಕರಷ್ಟು ಬರುತ್ತೆ. ಹೊರಗೆ ನಿಂತು ನೋಡೋರಿಗೆ ಕಾಣೋದು ಮೂಲೆ ಕಾಲಂಗಳು, ಅವು ಚೆನ್ನಾಗೇ ಇರ್ತವೆ. ನಡುವಿನದು ಹಾಲ್ ಗೋಡೆ ಒಳಗೆ ಮುಚ್ಚಿಹೋಗಿರುತ್ತೆ, ಪೇಂಟ್ ಹೊಡೆದು ಮೇಲೆ ದೇವರ ಫೋಟೋ ಹಾಕಿರ್ತಾರೆ. ನಾನು ಯಾವ ಕಟ್ಟಡಕ್ಕೆ ಹೋದ್ರೂ ಮೊದಲು ಕೇಳ್ಕೊಳ್ಳೋದು ಒಂದೇ, ಈ ಭಾರ ಇಲ್ಲಿಂದ ಎಲ್ಲಿಗೆ ಹೋಗುತ್ತೆ, ಅಲ್ಲಿಂದ ಎಲ್ಲಿಗೆ, ಮಣ್ಣು ಮುಟ್ಟೋವರೆಗೂ ಬಿಡಬಾರದು. ನಡುವೆ ಎಲ್ಲಾದ್ರೂ "ಗೊತ್ತಿಲ್ಲ" ಅಂತ ಬಂದ್ರೆ ಅಲ್ಲೇ ನಿಲ್ಲಬೇಕು.

ಯಜಮಾನ್ರು ಒಂದು ಮಾತು ಹೇಳಿದ್ರು, ಅದು ತುಂಬಾ ಜನ ಹೇಳೋ ಮಾತೇ: "ನೀವೆಲ್ಲಾ ಸೇಫ್ಟಿಗೆ ಅಂತ ಒಂದೂವರೆ ಪಟ್ಟು ಹಿಡ್ದಿರ್ತೀರಲ್ಲ ಸಾರ್, ಅದ್ರಲ್ಲಿ ಒಂದು ಫ್ಲೋರ್ ಬರಲ್ವಾ?" ಹೌದು, ಲೋಡನ್ನ 1.5 ರಿಂದ ಗುಣಿಸ್ತೀವಿ, ಕಾಂಕ್ರೀಟಿನ ಶಕ್ತಿಯನ್ನ 1.5 ರಿಂದ, ಕಬ್ಬಿಣದ್ದನ್ನ 1.15 ರಿಂದ ಭಾಗಿಸ್ತೀವಿ. ಆದ್ರೆ ಅದು ಮಿಕ್ಕಿರೋ ಶಕ್ತಿ ಅಲ್ಲ, ಅದಕ್ಕೆ ಆಗಲೇ ಹಕ್ಕುದಾರರಿದಾರೆ. ಮೋಲ್ಡ್ ಹಾಕೋ ದಿನ ಸೈಟಲ್ಲಿ ನಿಂತಿರೋರಿಗೆ ಇದು ಕಣ್ಣಿಗೇ ಕಾಣುತ್ತೆ. 50 ಕೆಜಿ ಮೂಟೆಗೆ 25 ಲೀಟರ್ ನೀರು ಅಂದ್ರೆ ವಾಟರ್ ಸಿಮೆಂಟ್ ರೇಶಿಯೋ 0.5. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಏರುತ್ತೆ, ಕಾಂಕ್ರೀಟ್ ಬಿಗಿಯಾಗುತ್ತೆ, ಬಾಂಡ್ಲಿ ಹೊರೋರಿಗೆ ಕೈ ಸೋತಿರುತ್ತೆ, ಮಿಕ್ಸರ್ ಹತ್ರ ಇರೋನು ಒಂದು ಸಣ್ಣ ಬಕೆಟ್ ನೀರು ಜಾಸ್ತಿ ಹುಯ್ತಾನೆ, ಹತ್ತು ಲೀಟರ್ ಅನ್ಕೊಳ್ಳಿ, ರೇಶಿಯೋ 0.7 ಆಯ್ತು, ಕಾಂಕ್ರೀಟ್ ಬೆಣ್ಣೆ ಥರ ಜಾರುತ್ತೆ, ಎಲ್ರಿಗೂ ಖುಷಿ, ಆದ್ರೆ ಅದರ ಬಲ ದೊಡ್ಡ ಪಾಲು ಅಲ್ಲೇ ಹೋಯ್ತು, ಆಮೇಲೆ ಎಷ್ಟು ಕ್ಯೂರಿಂಗ್ ಮಾಡಿದ್ರೂ ವಾಪಸ್ ಬರಲ್ಲ. ರಾಡ್ ಕೆಳಗೂ ಕಾಂಕ್ರೀಟ್ ಇಳೀಲಿ ಅಂತ ಇಡೋ ಕವರ್ ಬ್ಲಾಕ್ ಮೇಲಿಂದ ರಾಡ್ ಜಾರಿ ಸೆಂಟ್ರಿಂಗ್ ಶೀಟಿಗೆ ತಾಗಿರುತ್ತೆ. ಬೀಮು ಕಾಲಂ ಸೇರೋ ಕಡೆ ಉದ್ದ ರಾಡ್‌ಗಳನ್ನ ಸುತ್ತಿ ಹಿಡಿಯೋ ರಿಂಗ್ ಹಾಕೋಕೆ ಕೈ ತೂರಲ್ಲ ಅಂತ ಬಾರ್ ಬೆಂಡರ್ ಎರಡು ರಿಂಗ್ ಬಿಟ್ಟಿರ್ತಾನೆ. ಇವರನ್ನ ಬೈಯೋಕೆ ಹೇಳ್ತಿಲ್ಲ, ಬಿಸಿಲಲ್ಲಿ ಮೈಮುರಿಯೋ ಕೆಲಸ ಅದು, ನಾವು ಪಕ್ಕದಲ್ಲಿ ನಿಂತು ಯಾಕೆ ಬೇಡ ಅಂತ ಬಿಡಿಸಿ ಹೇಳಿದ್ರೆ ಬಹಳ ಜನ ಕೇಳ್ತಾರೆ. ಆದ್ರೆ ಆ ಒಂದೂವರೆ ಪಟ್ಟು ಇರೋದು ಇಂಥದ್ದಕ್ಕೆ, ಆಮೇಲೆ ಯಾವತ್ತೋ ಒಂದು ದಿನ ಮದುವೆ ಮನೆ ಅಂತ ಒಂದೇ ಹಾಲಲ್ಲಿ ನೂರು ಜನ ಸೇರೋದಕ್ಕೆ. ಆ ಕಟ್ಟಡದ ಕೆಳಗೆ ಮಲಗೋರ ಸೊತ್ತು ಅದು, ಮಾಲೀಕರದ್ದೂ ಅಲ್ಲ ಎಂಜಿನಿಯರದ್ದೂ ಅಲ್ಲ, ಬೇಕಾದಾಗ ತೆಗೆದು ಖರ್ಚು ಮಾಡೋಕೆ ನಮಗೆ ಅಧಿಕಾರ ಇಲ್ಲ.

ಈಗ ಆ ಪ್ರಶ್ನೆಗೆ ಬರ್ತೀನಿ. "ಬೀಳುತ್ತಾ?" ಅಂದ್ರೆ, ನಾನು ಪ್ರಾಮಾಣಿಕವಾಗಿ ಹೌದು ಬೀಳುತ್ತೆ ಅಂತ ಹೇಳೋಕಾಗಲ್ಲ, ನನ್ನ ಹತ್ರ ಅದಕ್ಕೆ ಪುರಾವೆ ಇಲ್ಲ. ನಾನು ತಡವರಿಸಿದ್ರೆ "ನೋಡಿ, ಇವರಿಗೇ ಗ್ಯಾರಂಟಿ ಇಲ್ಲ, ಕಟ್ಟೋಣ" ಅಂತಾಗುತ್ತೆ. ಪ್ರಶ್ನೆ ತಿರುವುಮುರುವಾಗಿದೆ ಇಲ್ಲಿ. ಬೀಳುತ್ತೆ ಅಂತ ಸಾಬೀತು ಮಾಡೋದು ನನ್ನ ಕೆಲಸ ಅಲ್ಲ, ನಿಲ್ಲುತ್ತೆ ಅಂತ ಸಾಬೀತಾಗೋವರೆಗೂ ಸೈನ್ ಹಾಕದೇ ಇರೋದು ನನ್ನ ಕೆಲಸ.

ಇದು ಬರೀ ನಮ್ಮ ಗಲ್ಲಿ ಮನೆಗಳ ಕಥೆ ಅಲ್ಲ. ಜನವರಿ 27, 1986ರ ರಾತ್ರಿ ಅಮೆರಿಕದಲ್ಲಿ ಚಾಲೆಂಜರ್ ಶಟಲ್ ಹಾರಿಸೋ ಹಿಂದಿನ ದಿನ ಇದೇ ಆಗಿದ್ದು. ಬೂಸ್ಟರ್ ರಾಕೆಟಿನ ಭಾಗಗಳು ಸೇರೋ ಜಾಗದಲ್ಲಿ ಬಿಸಿ ಗ್ಯಾಸ್ ಹೊರಗೆ ಬರದ ಹಾಗೆ ಓ-ರಿಂಗ್ ಅನ್ನೋ ರಬ್ಬರ್ ಬಳೆ ಇರುತ್ತೆ, ಚಳಿ ಜಾಸ್ತಿ ಆದ್ರೆ ಅದು ಸೆಡೆದುಕೊಂಡು ಸಂದು ಮುಚ್ಚೋಕೆ ತಡ ಮಾಡುತ್ತೆ. ಆ ಬೂಸ್ಟರ್ ಮಾಡಿದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರುಗಳು, ರೋಜರ್ ಬೋಜೊಲಿ ಅವರಲ್ಲೊಬ್ಬರು, 53 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 12 ಸೆಲ್ಸಿಯಸ್‌ಗಿಂತ ಕಡಿಮೆ ಇದ್ರೆ ಹಾರಿಸಬೇಡಿ ಅಂತ ಫೋನ್ ಮೀಟಿಂಗಲ್ಲಿ ಹೇಳಿದ್ರು. ಅದಕ್ಕೂ ಮುಂಚೆ ಶಟಲ್ 24 ಸಲ ಹೋಗಿ ಬಂದಿತ್ತು, ಕೆಲವು ಸಲ ಆ ಬಳೆ ಸುಟ್ಟ ಗುರುತೂ ಸಿಕ್ಕಿತ್ತು, ಆದ್ರೂ ವಾಪಸ್ ಬಂದಿತ್ತಲ್ಲ! ಆ ರಾತ್ರಿ ಎಂಜಿನಿಯರುಗಳ ಮೇಲೆ ಬಿದ್ದ ಹೊರೆ ಏನಂದ್ರೆ ಇದು ಖಂಡಿತ ಕೈಕೊಡುತ್ತೆ ಅಂತ ನೀವೇ ಸಾಬೀತು ಮಾಡಿ ಅನ್ನೋದು. ಅವರಿಗೆ ಆಗಲಿಲ್ಲ. ಕೊನೆಗೆ ಕಂಪನಿ ಒಳಗೆ ಒಬ್ಬ ಹಿರಿಯ ಎಂಜಿನಿಯರಿಗೆ ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕ್ಕೋ ಅಂತ ಹೇಳಿ ಒಪ್ಪಿಗೆ ಕಳಿಸಿದ್ರು. ಮಾರನೇ ದಿನ ಹಾರಿದ 73 ಸೆಕೆಂಡಿಗೆ ಶಟಲ್ ಒಡೆದು ಚೂರಾಯ್ತು, ಒಳಗಿದ್ದ ಏಳೂ ಜನ ಹೋದ್ರು. 24 ಸಲ ಹೋಗಿ ಬಂದಿದೆ ಅನ್ನೋದಕ್ಕೂ ಹಿಂದಿನ ರೋಡಿನ ಐದು ಫ್ಲೋರ್ ನಿಂತಿದೆ ಅನ್ನೋದಕ್ಕೂ ನನಗೆ ಯಾವ ವ್ಯತ್ಯಾಸಾನೂ ಕಾಣಲ್ಲ.

ನಮ್ಮ ಕಡೆ ಧಾರವಾಡದ ಕುಮಾರೇಶ್ವರ ನಗರದಲ್ಲಿ ಮಾರ್ಚ್ 19, 2019ರ ಮಧ್ಯಾಹ್ನ ಕಟ್ಟುತ್ತಿದ್ದ ಬಿಲ್ಡಿಂಗ್ ಕುಸಿದು 19 ಜನ ಸತ್ರು. ಅದನ್ನ ಟಿವಿಲಿ ನೋಡಿದ ಮೇಲೆ ನನಗೆ ಬಹಳ ದಿನ ಮನಸ್ಸು ಸರಿ ಇರ್ಲಿಲ್ಲ. ಅಂಥ ಕಟ್ಟಡಕ್ಕೆ ಯಾವುದೋ ಕೆಲಸಕ್ಕೆ ಅಂತ ಹೋದೋರಿಗೆ ಡ್ರಾಯಿಂಗ್ ನೋಡೋ ಅವಕಾಶ ಎಲ್ಲಿರುತ್ತೆ? ಪಿಜಿಗೆ ಬರೋ ಹುಡುಗಿ ಬಾಡಿಗೆ ಎಷ್ಟು, ಊಟ ಹೇಗೆ, ವೈಫೈ ಇದೆಯಾ ಅಂತ ಕೇಳ್ತಾಳೆ, ಫುಟಿಂಗ್ ಸೈಜ್ ಎಷ್ಟು ಅಂತ ಕೇಳಲ್ಲ, ಕೇಳಬೇಕಾಗೂ ಇಲ್ಲ. ಅವಳ ಪರವಾಗಿ ಅದನ್ನ ಕೇಳೋಕೆ ಅಂತಾನೇ ನಮ್ಮನ್ನ ಇಟ್ಟಿರೋದು. ಫೀಸ್ ಕೊಡೋರು ಯಜಮಾನ್ರು, ಆದ್ರೆ ಆ ಮಾತುಕತೆಲಿ ಇಲ್ಲದೇ ಇರೋಳು ಅವಳು ಒಬ್ಬಳೇ.

ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ. ಅವರ ಕೆಲಸದಲ್ಲಿ ನನಗೆ ಅತಿ ಇಷ್ಟದ್ದು ಪುಣೆ ಹತ್ರ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಹಾಕಿಸಿದ ಆಟೋಮ್ಯಾಟಿಕ್ ಗೇಟ್, ನೀರು ಒಂದು ಮಟ್ಟ ಮೀರಿದ್ರೆ ತಾನಾಗೇ ತೆರ್ಕೊಳ್ಳೋದು, ಇಳಿದ್ರೆ ತಾನಾಗೇ ಮುಚ್ಕೊಳ್ಳೋದು. ಆಮೇಲೆ ನಮ್ಮ ಕೆಆರ್‌ಎಸ್‌ಗೂ ಬಂತು. ಅಣೆಕಟ್ಟು ಎತ್ತರ ಮಾಡದೇ ಜಾಸ್ತಿ ನೀರು ನಿಲ್ಸಿದ್ದು ದೊಡ್ಡದೇ, ಆದ್ರೆ ನನಗೆ ಹಿಡಿಸೋದು ಇನ್ನೊಂದು: ನಡುರಾತ್ರಿ ನೆರೆ ಬಂದು ಗೇಟ್ ಹತ್ರ ಯಾರೂ ಇಲ್ಲದೇ ಇದ್ರೂ ಕೆಳಗಿನ ಊರಿನೋರಿಗೆ ತೊಂದ್ರೆ ಆಗಬಾರದು ಅಂತ ಮೊದಲೇ ಯೋಚನೆ ಮಾಡಿರೋದು. ಎಂಜಿನಿಯರ್ ಬುದ್ಧಿ ಅಂದ್ರೆ ಇದು ಅಂತ ನಾನು ಜೂನಿಯರ್‌ಗಳಿಗೆ ಹೇಳ್ತಿರ್ತೀನಿ.

ಯಜಮಾನ್ರ ಮನೆ ವಿಷಯಕ್ಕೆ ವಾಪಸ್ ಬರೋಣ. ನಾನು ಬೇಡ ಅಂತ ಹೇಳಿ ಎದ್ದು ಬರ್ಲಿಲ್ಲ, ಹಾಗೆ ಬಂದ್ರೆ ನಮ್ಮ ಕೈ ತೊಳ್ಕೊಂಡ ಹಾಗೆ ಅಷ್ಟೇ. ನಡುವಿನ ಒಂದು ಕಾಲಂ ಹತ್ರ ನೆಲ ಅಗೆದು ಫುಟಿಂಗ್ ನೋಡೋಣ, ಕಾಂಕ್ರೀಟ್ ಎಷ್ಟು ಗಟ್ಟಿ ಇದೆ ಅಂತ ಅಂದಾಜಿಗೆ ರಿಬೌಂಡ್ ಹ್ಯಾಮರ್ ಹಾಕೋಣ, ರಾಡ್ ಎಷ್ಟಿದೆ ಅಂತ ಸ್ಕ್ಯಾನ್ ಮಾಡ್ಸೋಣ, ಆಮೇಲೆ ಬೇಕಾದ್ರೆ ಕಾಲಂ ಜಾಕೆಟಿಂಗ್, ಅಂದ್ರೆ ಕಾಲಂ ಸುತ್ತ ಹೊಸ ರಾಡು ಕಾಂಕ್ರೀಟ್ ಹಾಕಿ ದಪ್ಪ ಮಾಡೋದು, ಮಾಡಿ ಎತ್ತಬಹುದಾ ಲೆಕ್ಕ ಹಾಕೋಣ ಅಂದೆ. ಖರ್ಚು ಕೇಳಿ ಮುಖ ಚಿಕ್ಕದಾಯ್ತು. ಫುಟಿಂಗ್ ಮಾತ್ರ ಅಗೆಸಿದ್ರು. ಗುಂಡೀಲಿ ಇಳಿದು ಟೇಪ್ ಹಿಡಿದ್ರೆ ಇರೋ ಎರಡು ಫ್ಲೋರಿಗೇ ಬಿಗಿ ಬಿಗಿ ಅನ್ನೋ ಸೈಜು, ಕೆಳಗೆ ಗಟ್ಟಿ ನೆಲ ಅಲ್ಲ, ತಂದು ತುಂಬಿದ ಮಣ್ಣು. ಮೂರನೇದಕ್ಕೆ ಆಗಲ್ಲ ಅಂತ ಅಳತೆ, ಫೋಟೋ ಸಮೇತ ಬರೆದು ಕೊಟ್ಟೆ. ಸಿಟ್ಟಾಗಿ ಹೋದ್ರು.

ಕೆಲವು ವಾರ ಆದ್ಮೇಲೆ ಪರಿಚಯ ಇಲ್ಲದ ನಂಬರಿಂದ ಒಂದು ಫೋನ್. "ಸರ್, ಇಂಥ ಮನೆಗೆ ನಿಮ್ಮ ರಿಪೋರ್ಟ್ ಇದೆಯಂತೆ, ಯಜಮಾನ್ರು ತೋರಿಸ್ತಿಲ್ಲ, ಸ್ವಲ್ಪ ಹೇಳ್ತೀರಾ?" ಅವರು ಎರಡನೇ ಎಂಜಿನಿಯರ್, ನನಗಿಂತ ಚಿಕ್ಕೋರು, ಆಫೀಸ್ ತೆಗೆದು ಹೆಚ್ಚು ದಿನ ಆಗಿರ್ಲಿಲ್ಲ, ಕೆಲಸ ಬೇಕೇ ಬೇಕಿತ್ತು ಅವರಿಗೆ. ಯಜಮಾನ್ರ ಹತ್ರ ಒಂದು ಮಾತು ಕೇಳ್ಕೊಂಡು ಅಳತೆ ಕಳಿಸಿದೆ, ಅವರೂ ಅದೇ ಗುಂಡಿ ಇನ್ನೊಂದ್ಸಲ ತೆಗೆಸಿ ನೋಡಿ ಇದು ಬೇಡ ಅಂದ್ರು. ಯಜಮಾನ್ರು "ನೀವೆಲ್ಲಾ ಒಂದೇ" ಅಂದ್ರಂತೆ. ಆ ಮನೆ ಮೇಲೆ ಫ್ಲೋರ್ ಏಳ್ಲಿಲ್ಲ.

ನನ್ನ ಒಬ್ಬನ ಬೇಡಕ್ಕೆ ಅಲ್ಲಿ ಬೆಲೆ ಇರ್ಲಿಲ್ಲ, ಎರಡನೆಯವರು ಫೋನ್ ಮಾಡಿದ್ದಕ್ಕೆ ಅದು ನಿಂತಿದ್ದು. ಬರೀ ಸೈನ್ ಹಾಕೋಕೆ ದುಡ್ಡು ತಗೊಳ್ಳೋರು ನಮ್ಮಲ್ಲೇ ಇದಾರೆ ಅನ್ನೋದು ಎಲ್ರಿಗೂ ಗೊತ್ತಿರೋದೇ, ಸೈಟ್ ಮುಖಾನೂ ನೋಡದೇ ಸ್ಟೆಬಿಲಿಟಿ ಸರ್ಟಿಫಿಕೇಟ್ ಕೊಡ್ತಾರೆ, ಅದು ನನಗೆ ನಿಜಕ್ಕೂ ಸಂಕಟ ಆಗೋ ವಿಷಯ. ಅದಕ್ಕೆ ಹೊಸಬರಿಗೆ ನನ್ನದೊಂದು ಕೋರಿಕೆ. ಯಾರಾದ್ರೂ ಹಳೆ ಕಟ್ಟಡ ಹಿಡ್ಕೊಂಡು ಅರ್ಜೆಂಟ್ ಅಂತ ನಿಮ್ಮ ಹತ್ರ ಬಂದ್ರೆ, ಮೊದಲು ಯಾರನ್ನ ಕೇಳಿದ್ರಿ, ಅವರೇನಂದ್ರು ಅಂತ ಕೇಳಿ, ನಂಬರ್ ಇಸ್ಕೊಂಡು ಫೋನ್ ಮಾಡಿ. ಮನೆ ಕಟ್ಟಿಸ್ತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಸ್ಟ್ರಕ್ಚರಲ್ ಡ್ರಾಯಿಂಗ್ ಒಂದು ಕಾಪಿ, ಮೋಲ್ಡ್ ಹಾಕೋ ಮುಂಚೆ ರಾಡ್ ಕಟ್ಟಿರೋ ಫೋಟೋ, ಫುಟಿಂಗ್ ಫೋಟೋ, ಕಾಂಕ್ರೀಟಿನ ಬಲ ಪರೀಕ್ಷೆ ಮಾಡಿದ ಕ್ಯೂಬ್ ಟೆಸ್ಟ್ ರಿಪೋರ್ಟ್, ಇಷ್ಟನ್ನ ಸೇಲ್ ಡೀಡ್ ಇಡೋ ಫೈಲಲ್ಲೇ ಇಟ್ಕೊಳ್ಳಿ. ನಾಳೆ ನಿಮ್ಮ ಮಕ್ಕಳು ಮೇಲೆ ಎತ್ತಬಹುದಾ ಅಂತ ಯಾರನ್ನಾದ್ರೂ ಕೇಳೋಕೆ ಹೋದಾಗ ಅವರ ಮುಂದೆ ಇಡೋಕೆ ಕಾಗದ ಇರುತ್ತೆ.