ಹಿದುಕವರೆಯ ರಾತ್ರಿ

ನಮ್ಮ ಮನೆಯ ಸಂಕ್ರಾಂತಿ ಹಬ್ಬದ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಊಟ ಮುಗಿದು, ನಡುಮನೆಯನ್ನು ಗುಡಿಸಿ, ಈಚಲು ಚಾಪೆ ಹಾಸಿ, ಮಧ್ಯಾಹ್ನದಿಂದ ನೀರಿನಲ್ಲಿ ನೆನೆದ ಅವರೆಕಾಳಿನ ಹಿತ್ತಾಳೆ ಪಾತ್ರೆಯನ್ನು ಇಬ್ಬರು ಹಿಡಿದು ತಂದು ನಡುವೆ ಇಟ್ಟರೆಂದರೆ, ಆರು ವರ್ಷದ ಮಗುವಿನಿಂದ ಹಿಡಿದು ಎಂಬತ್ತು ದಾಟಿದ ಹಿರಿಯರವರೆಗೆ ಮನೆಯಲ್ಲಿರುವವರೆಲ್ಲ ಅದರ ಸುತ್ತ ಕೂರಲೇಬೇಕು. ಮರುದಿನದ ಖಾರ ಪೊಂಗಲ್ಲಿಗೂ ಹಬ್ಬದ ಸಾರಿಗೂ ಬೇಕಾದ ಆರೇಳು ಸೇರು ಕಾಳನ್ನು ಒಂದೊಂದಾಗಿ ಹಿದುಕಿ, ಸಿಪ್ಪೆಯಿಂದ ಬೇರ್ಪಡಿಸುವುದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ನಾನು ನನ್ನ ಅತ್ತೆ, ಮಾವ, ದೊಡ್ಡಪ್ಪ, ಚಿಕ್ಕಮ್ಮಂದಿರನ್ನು ನಿಜವಾಗಿ ಅರಿತುಕೊಂಡದ್ದು ಈ ಚಾಪೆಯ ಮೇಲೆ. ಹಬ್ಬದ ದಿನ ಎಲ್ಲರೂ ಹೊಸ ಬಟ್ಟೆ ಉಟ್ಟು ಪೂಜೆ, ಅಡುಗೆ, ಬಂದವರ ಉಪಚಾರ ಎಂದು ಓಡಾಡುತ್ತಿರುತ್ತಾರೆ. ಮಾತಿಗೆ ಪುರುಸೊತ್ತು ಸಿಗುವುದು ಹಿಂದಿನ ರಾತ್ರಿ ಮಾತ್ರ.

ನಮ್ಮೂರು ಶಿಡ್ಲಘಟ್ಟದ ಹತ್ತಿರವಿದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಸೀಮೆಯಲ್ಲಿ ಅವರೆಯು ಮುಂಗಾರಿನ ರಾಗಿಯ ಜೊತೆಗೇ ಅಕ್ಕಡಿ ಸಾಲಾಗಿ ಬೆಳೆದು ಬರುವ ಬೆಳೆ. ರಾಗಿ ಕೊಯ್ಲಾಗಿ ಹೊಲ ಬರಿದಾದ ಮೇಲೂ ಅವರೆ ಗಿಡ ನಿಂತಿರುತ್ತದೆ. ಹಗಲು ಮೋಟಾಗುತ್ತ ಬಂದಾಗ ಹೂ ಬಿಟ್ಟು, ಮಾಗಿಯ ಇಬ್ಬನಿಯಲ್ಲಿ ಕಾಯಿ ಬಲಿಯುತ್ತದೆ. ಕಾಯಿಯ ಸಿಪ್ಪೆಯ ಮೇಲೆ ಕೈಗೆ ಅಂಟುವ ಎಣ್ಣೆಯಂಥ ಅಂಶವೊಂದಿದ್ದು, ಅವರೆಯ ವಾಸನೆಯೆಲ್ಲ ಇರುವುದು ಅದರಲ್ಲಿಯೇ. ಅದನ್ನೇ ನಾವು ಸೊಗಡು ಎನ್ನುತ್ತೇವೆ. ಮುಂಜಾನೆ ಇಬ್ಬನಿ ಆರುವ ಮೊದಲೇ ಕಾಯಿ ಬಿಡಿಸಿಕೊಂಡು ಬರಬೇಕೆಂಬುದು ಅಜ್ಜಿಯ ಕಟ್ಟುನಿಟ್ಟು. ಬಿಸಿಲೇರಿದ ಮೇಲೆ ತಂದ ಕಾಯಿಯನ್ನು ಅವರು ಮೂಗಿನ ಬಳಿ ಹಿಡಿದು, ಏನೂ ಹೇಳದೆ, ಬೇರೆ ಮೊರಕ್ಕೆ ಹಾಕುತ್ತಿದ್ದರು.

ಹಿದುಕುವುದಕ್ಕೂ ಒಂದು ಹದವಿದೆ. ಎಳೆಯ ಕಾಳು ಬೆರಳಲ್ಲೇ ನುರಿದು ಹೋಗುತ್ತದೆ, ತೀರ ಬಲಿತದ್ದು ಸಿಪ್ಪೆ ಬಿಡುವುದಿಲ್ಲ. ಹದವಾಗಿ ನೆನೆದ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ತುದಿಯ ಬಿಳಿಯ ಗೆರೆಯಿರುವ ಕಡೆಯನ್ನು ಹೊರಮುಖ ಮಾಡಿ ಮೆಲ್ಲಗೆ ಒತ್ತಿದರೆ, ಒಳಗಿನ ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ನಾನು ಮೊದಲ ಸಲ ಕೂತಾಗ ಜೋರಾಗಿ ಒತ್ತಿದ ಬೇಳೆ ಹಾರಿ ಗೋಡೆಗೆ ಬಡಿದಿತ್ತು. "ಮೆತ್ತಗೆ ಹಿದುಕಮ್ಮ, ಸಾರಿಗೆ ಇಡೀ ಕಾಳೇ ಬೇಕು" ಎಂದು ಅಜ್ಜಿ ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಒತ್ತಿ ತೋರಿಸಿದ್ದರು. ಅವರ ಹೆಬ್ಬೆರಳಿನ ಉಗುರಿನ ಅಂಚು ಸೊಗಡಿಗೆ ಕಂದಾಗಿರುತ್ತಿತ್ತು. ಒಂದು ಗಂಟೆ ಕಳೆಯುವಷ್ಟರಲ್ಲಿ ಎಲ್ಲರ ಬೆರಳ ತುದಿಗಳೂ ನೀರಿಗೆ ಸುಕ್ಕುಗಟ್ಟುತ್ತಿದ್ದವು. ಮಕ್ಕಳು ತಮ್ಮ ಬೆರಳನ್ನು ಅಜ್ಜಿಯ ಬೆರಳಿನ ಪಕ್ಕದಲ್ಲಿಟ್ಟು ಯಾರದು ಹೆಚ್ಚು ಸುಕ್ಕಾಗಿದೆ ಎಂದು ನೋಡುತ್ತಿದ್ದೆವು.

ಕತೆಗಳೆಲ್ಲ ಅಲ್ಲಿಯೇ ಹುಟ್ಟುತ್ತಿದ್ದವು. ಶ್ರೀನಿವಾಸಪುರದ ಕಡೆ ಮದುವೆಯಾಗಿ ಹೋಗಿದ್ದ ದೊಡ್ಡ ಅತ್ತೆ, ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿಯ ಮೇಲೆ ಓಡುತ್ತಿದ್ದ ಸಣ್ಣ ರೈಲಿನಲ್ಲಿ ತವರಿಗೆ ಬರುತ್ತಿದ್ದ ಕಾಲವನ್ನು ಪ್ರತಿ ವರ್ಷವೂ ಹೇಳುತ್ತಿದ್ದರು. ಮಡಿಲಲ್ಲಿ ಕೂಸು, ಕಾಲ ಬಳಿ ಕಡಲೆಕಾಯಿಯ ಚೀಲ, ಏರು ಬಂದಲ್ಲಿ ನಿಧಾನವಾಗುತ್ತಿದ್ದ ಬಂಡಿ. ಆ ಹಳಿಯನ್ನು ಕಿತ್ತು ದೊಡ್ಡ ಹಳಿ ಹಾಕಿ, 2013ರಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವೆ ರೈಲು ಮತ್ತೆ ಓಡಿದಾಗ, ಆಗಲೇ ವಯಸ್ಸಾಗಿದ್ದ ಅತ್ತೆ ಬಸ್ಸಿನ ಅನುಕೂಲವಿದ್ದರೂ ಹಟ ಹಿಡಿದು ರೈಲಿನಲ್ಲಿಯೇ ಬಂದಿಳಿದರು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ ಮೇಲೂ ತಾತ ಮಾತ್ರ ಕಾಗದಗಳ ಮೇಲೆ ಕೊನೆಯವರೆಗೆ ಕೋಲಾರ ಜಿಲ್ಲೆ ಎಂದೇ ಬರೆಯುತ್ತಿದ್ದರು. ಸಂಕ್ರಾಂತಿ ಯಾಕೆ ಪ್ರತಿ ವರ್ಷ ಹೆಚ್ಚುಕಡಿಮೆ ಒಂದೇ ತಾರೀಖಿಗೆ ಬರುತ್ತದೆ ಎಂಬ ನಮ್ಮ ಪ್ರಶ್ನೆಗೆ, ಯುಗಾದಿ ದೀಪಾವಳಿಗಳು ಚಂದ್ರನ ಲೆಕ್ಕದವು, ಇದು ಸೂರ್ಯ ಮಕರ ರಾಶಿಗೆ ಕಾಲಿಡುವ ಲೆಕ್ಕದ್ದು ಎಂದು ತಾತ ಒಂದು ಅವರೆಕಾಳನ್ನು ಸೂರ್ಯನನ್ನಾಗಿಯೂ ಇನ್ನೊಂದನ್ನು ಭೂಮಿಯನ್ನಾಗಿಯೂ ಇಟ್ಟು ವಿವರಿಸಿದ್ದು ಈ ಚಾಪೆಯ ಮೇಲೆಯೇ. 2024ರಲ್ಲಿ ಹಬ್ಬ ಜನವರಿ 15ಕ್ಕೆ ಬಂದಾಗ ನನ್ನ ಮಗಳೂ ಅದೇ ಪ್ರಶ್ನೆ ಕೇಳಿದಳು, ನಾನೂ ಕಾಳುಗಳನ್ನೇ ಇಟ್ಟು ಹೇಳಿದೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿನ ಮನೆಗೆ ಹಬ್ಬವೆಂದು ರಜೆ ಇರುವುದಿಲ್ಲ. ಆದ್ದರಿಂದ ತಾತ ಸಂಕ್ರಾಂತಿಗೆ ಮೊದಲೇ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಮುಗಿಸುವಂತೆ, ಹಿಂದಿನಿಂದ ದಿನಗಳನ್ನು ಎಣಿಸಿ ಚಾಕಿ, ಅಂದರೆ ಎಳೆಯ ಹುಳುಗಳನ್ನು, ಕಟ್ಟುತ್ತಿದ್ದರು. ನಾನು ಎಂಟನೇ ತರಗತಿಯಲ್ಲಿದ್ದ ವರ್ಷ ಆ ಲೆಕ್ಕ ತಪ್ಪಿತು. ಆ ಸಲದ ಚಳಿಗೆ ಹುಳುಗಳ ಬೆಳವಣಿಗೆ ನಿಧಾನವಾಗಿ, ಸರಿಯಾಗಿ ಹಬ್ಬದ ಹಿಂದಿನ ದಿನ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದವು. ಜ್ವರದಲ್ಲಿರುವಾಗ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುವ ಹುಳು, ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುವ ರಭಸವನ್ನು ಕಂಡವರೇ ಬಲ್ಲರು. ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಅದು ತಿನ್ನುವುದು ಆ ಕೊನೆಯ ಒಂದು ವಾರದಲ್ಲಿಯೇ. ನಡುಮನೆಯ ತುಂಬ ತಟ್ಟೆಗಳಿದ್ದವು, ಚಾಪೆ ಹಾಸಲು ಜಾಗವಿರಲಿಲ್ಲ. ಹುಳುವಿಗೆ ಒಗ್ಗರಣೆಯ ಘಾಟು ತಾಗಬಾರದೆಂದು ಅಜ್ಜಿ ಒಲೆಯನ್ನು ಅಂಗಳದ ಮೂಲೆಗೆ ಒಯ್ಯಿಸಿದರು. ಹಬ್ಬಕ್ಕೆಂದು ಬೆಂಗಳೂರು, ಹೊಸಕೋಟೆಗಳಿಂದ ಬಂದಿದ್ದ ನೆಂಟರು ಒಂದು ಮಾತೂ ಆಡದೆ ಪಾಳಿ ಹಾಕಿಕೊಂಡರು. ನಾಲ್ವರು ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕಿದರೆ, ಉಳಿದವರು ಜಗಲಿಯಲ್ಲಿ ಕಂಬಳಿ ಹೊದ್ದು ಲಾಂದ್ರದ ಬೆಳಕಿನಲ್ಲಿ ಹಿದುಕಿದರು. ಎರಡು ಗಂಟೆಗೊಮ್ಮೆ ಕೈ ಬದಲಾಯಿತು. ಮಾತು ನಿಂತಾಗಲೆಲ್ಲ ಒಳಗಿನಿಂದ ಹುಳುಗಳು ಸೊಪ್ಪು ಮೇಯುವ ಸದ್ದು, ದೂರದಲ್ಲಿ ಮಳೆ ಬಂದ ಹಾಗೆ, ಜಗಲಿಯವರೆಗೂ ಕೇಳುತ್ತಿತ್ತು. ಆ ಬೆಳೆ, ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯಾದ ಚಂದ್ರಂಕಿಗೆ ಏರಿದಾಗ ಗೂಡು ಚೆನ್ನಾಗಿಯೇ ಬಂತು. ಹೊಸಕೋಟೆಯ ಚಿಕ್ಕಪ್ಪ ಇಂದಿಗೂ ಅದನ್ನು "ನಮ್ಮ ಬೆಳೆ" ಎಂದೇ ಕರೆಯುತ್ತಾರೆ.

ಎಳ್ಳು ಬೀರುವುದು, ಪುಟ್ಟ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ತುಂಡು, ಚಿಲ್ಲರೆ ಕಾಸು ಎರೆದು ಆರತಿ ಮಾಡುವುದು, ಸಂಜೆ ಕೊಂಬಿಗೆ ಬಣ್ಣ ಬಳಿದ ದನಗಳನ್ನು ಕಿಚ್ಚು ಹಾಯಿಸುವುದು, ಇವೆಲ್ಲವೂ ಎಲ್ಲ ಮನೆಗಳಂತೆ ನಮ್ಮಲ್ಲಿಯೂ ಉಂಟು. ಈಗ ಮನೆಯಲ್ಲಿ ಎತ್ತುಗಳಿಲ್ಲ, ಎರಡು ಸೀಮೆ ಹಸುಗಳಿವೆ; ಅವನ್ನು ಕಿಚ್ಚಿನ ಪಕ್ಕದಲ್ಲಿ ನಡೆಸಿಕೊಂಡು ಬರುತ್ತೇವೆ.

2009ರ ಕಾರ್ತಿಕ ಮಾಸದಲ್ಲಿ ಅಜ್ಜಿ ತೀರಿಕೊಂಡರು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವಂತಿಲ್ಲ. ಆ ಸಂಕ್ರಾಂತಿಗೆ ರಂಗೋಲಿಯಿಲ್ಲ, ಎಳ್ಳಿಲ್ಲ, ತೋರಣವಿಲ್ಲ. ಆದರೆ ಅಜ್ಜಿಯೇ ಮುಂಗಾರಿನಲ್ಲಿ ನಿಂತು ಬಿತ್ತಿಸಿದ ಅವರೆ ಹೊಲದಲ್ಲಿ ಎಂದಿನಂತೆ ಬಲಿತು ನಿಂತಿತ್ತು. ಬಿಡಿಸದೆ ಬಿಟ್ಟರೆ ಒಣಗುತ್ತದೆಂದು ಅಮ್ಮ ಅಂದು ಬೆಳಗ್ಗೆ ಕಾಯಿ ತಂದು, ಮಧ್ಯಾಹ್ನ ಕಾಳು ನೆನೆಹಾಕಿದರು. ಯಾರನ್ನೂ ಕರೆದಿರಲಿಲ್ಲ, ಹಬ್ಬವಿಲ್ಲದ ಮನೆಗೆ ಕರೆಯುವ ರೂಢಿಯೂ ಇಲ್ಲ. ಸಂಜೆಯ ಬಸ್ಸಿಗೆ ದೊಡ್ಡ ಅತ್ತೆ ಬಂದರು. ಕತ್ತಲಾದ ಮೇಲೆ ಚಿಕ್ಕಪ್ಪನ ಮನೆಯವರು ಬಂದರು. ಎಂಟು ಗಂಟೆಯ ಹೊತ್ತಿಗೆ ಚಾಪೆಯ ಸುತ್ತ ಹದಿನಾಲ್ಕು ಜನ ಕೂತಿದ್ದೆವು. ಅಜ್ಜಿ ಕೂರುತ್ತಿದ್ದ ಕಂಬದ ಪಕ್ಕದ ಜಾಗವನ್ನು ಯಾರೂ ತುಂಬಲಿಲ್ಲ. ಬಹಳ ಹೊತ್ತು ಪಾತ್ರೆಗೆ ಬೇಳೆ ಬೀಳುವ ಸದ್ದೊಂದೇ ಇತ್ತು. ಆಮೇಲೆ ತಾತ, ಯಾವತ್ತೂ ಹಿದುಕಲು ಕೂರದೆ ಮಂಚದ ಮೇಲಿನಿಂದ ಕತೆ ಹೇಳುತ್ತಿದ್ದವರು, ಕೆಳಗಿಳಿದು ಬಂದು ಆ ಕಂಬಕ್ಕೆ ಒರಗಿ ಕೂತು, ಒಂದು ಹಿಡಿ ಕಾಳನ್ನು ಪಂಚೆಯ ಮಡಿಲಿಗೆ ಹಾಕಿಕೊಂಡರು. ಅವರಿಗೆ ಹಿದುಕಲು ಬರುತ್ತಿರಲಿಲ್ಲ. ಆರು ವರ್ಷದ ನನ್ನ ತಮ್ಮನ ಮಗ ಅವರ ಬೆರಳುಗಳ ಮೇಲೆ ಬೆರಳಿಟ್ಟು ತೋರಿಸಿಕೊಟ್ಟ.

ಈಗ ಹುಳುಗಳಿಗೆ ತೋಟದಲ್ಲಿ ಬೇರೆ ಮನೆಯೇ ಇದೆ, ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ ಹೆಬ್ಬಾಳ ಅವರೆ ತಳಿಗಳಲ್ಲಿ ಕೆಲವು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವುದರಿಂದ ಅವರೆ ಬೇಸಿಗೆಯಲ್ಲೂ ಸಿಗುತ್ತದೆ. ಬೆಳೆಗಾರರಿಗೆ ಅದರಿಂದ ಅನುಕೂಲವಾಗಿದೆ. ಆದರೆ ನನ್ನ ನಾಲಗೆಗೆ ಮಾಗಿಯ ನಾಟಿ ಅವರೆಯೇ ಅವರೆ. ಪೇಟೆಯಲ್ಲಿ ಹಿದುಕಿದ ಬೇಳೆಯನ್ನೇ ತೂಗಿ ಕೊಡುತ್ತಾರೆ. ಒಂದು ವರ್ಷ ಅಮ್ಮನ ಮಂಡಿನೋವು ನೋಡಲಾರದೆ ನಾನೇ ಅದನ್ನು ಮೂರು ಕೆಜಿ ತಂದಿದ್ದೆ. ಅಂದು ರಾತ್ರಿ ಊಟ ಮುಗಿಸಿದ ಎಲ್ಲರೂ ಒಂಬತ್ತಕ್ಕೆಲ್ಲ ಮಲಗಿಬಿಟ್ಟರು. ಅಮ್ಮ ಮಾತ್ರ ನಡುಮನೆಯ ದೀಪ ಆರಿಸದೆ ಬಹಳ ಹೊತ್ತು ಕೂತಿದ್ದರು. ಮತ್ತೆಂದೂ ನಾನು ಬೇಳೆ ಕೊಂಡು ತರಲಿಲ್ಲ. ಅಮ್ಮನಿಗೆ ಕೂರಲು ಎತ್ತರದ ಮಣೆ ಮಾಡಿಸಿದೆ.

ಅಜ್ಜಿಗೆ ಇನ್ನೊಂದು ಅಭ್ಯಾಸವಿತ್ತು. ಕಾಯಿ ಬಿಡಿಸಲು ಹೋದಾಗ ಪ್ರತಿ ಸಾಲಿನಲ್ಲಿ ಮೂಸಿ ನೋಡಿ, ಸೊಗಡು ಹೆಚ್ಚಾಗಿರುವ ನಾಲ್ಕಾರು ಗಿಡಗಳಿಗೆ ಹಳೆಯ ಸೀರೆಯ ಅಂಚು ಹರಿದು ಕಟ್ಟುತ್ತಿದ್ದರು. ಅಂಚು ಕಟ್ಟಿದ ಗಿಡಕ್ಕೆ ಯಾರೂ ಕೈ ಹಾಕುವಂತಿರಲಿಲ್ಲ. ಅದರ ಕಾಯಿ ಗಿಡದಲ್ಲೇ ಒಣಗಿ, ಬೂದಿ ಬೆರೆಸಿದ ಮಡಕೆಯಲ್ಲಿ ಮುಂದಿನ ಮುಂಗಾರಿನವರೆಗೆ ಬಿತ್ತನೆಗಾಗಿ ಇರುತ್ತಿತ್ತು. ಅವರ ನಂತರ ಅಮ್ಮ ಅದನ್ನು ಬಿಟ್ಟಿಲ್ಲ. ಈ ಸಲ ಅಮ್ಮ ಹೊಲದ ಬದುವಿನ ಮೇಲೆಯೇ ನಿಂತು, ನನ್ನ ಮಗಳನ್ನು ಸಾಲಿನೊಳಗೆ ಕಳುಹಿಸಿದರು. ಅವಳು ಗಿಡದಿಂದ ಗಿಡಕ್ಕೆ ಬಗ್ಗಿ, ಕಾಯಿಯನ್ನು ಉಜ್ಜಿ ಬೆರಳು ಮೂಸುತ್ತ, ಇಬ್ಬನಿಗೆ ಲಂಗವೆಲ್ಲ ಒದ್ದೆಯಾಗಿ, ಬಹಳ ದೂರ ಹೋದಳು. ಕಟ್ಟಲು ಸೀರೆಯ ಅಂಚು ಒಯ್ಯುವುದು ಮರೆತಿದ್ದಳು. ಜಡೆಯ ಕೆಂಪು ಟೇಪನ್ನು ಬಿಚ್ಚಿ, ಹಲ್ಲಿನಿಂದ ಕಚ್ಚಿ ತುಂಡು ಮಾಡಿ, ಐದು ಗಿಡಗಳಿಗೆ ಕಟ್ಟಿ ಬಂದಳು. ಬದುವಿನಿಂದ ನೋಡಿದರೆ ಐದೂ ಕಾಣುತ್ತಿದ್ದವು.